ಹಾಲೆಂಡಿನಲ್ಲಿ ಒಂದು ಲಾಳಿಕೆಯ ಒಳಮೈ

ನಾನು ಹಾಲೆಂಡಿಗೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಮದ್ದೂರಿನಲ್ಲಿ ಎಲ್ಲರೂ ಕೇಳುವುದು ಟ್ಯೂಲಿಪ್ ಹೂವಿನ ವಿಷಯ. ನೋಡಲಿಲ್ಲ. ನಾವು ಹೋದದ್ದು ಹೂವಿನ ಕಾಲದಲ್ಲಲ್ಲ, ಗಾಳಿಮಳೆಯ ಕಾಲದಲ್ಲಿ. ಗಾಳಿಗಿರಣಿಯನ್ನು ಒಂದೇ ಸಲ, ಬಸ್ಸಿನ ಕಿಟಕಿಯಿಂದ, ಅದೂ ಬೆನ್ನ ಕಡೆಯಿಂದ ನೋಡಿದೆ. ಹನ್ನೆರಡು ದಿನಗಳಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಅಂಗೈ ಮೇಲೆ ಕೂರುವಷ್ಟು ಚಿಕ್ಕ ಲೋಹದ ಲಾಳಿಕೆಯೊಂದರ ಬಾಯೊಳಗೆ. ಅದರ ವಿಷಯವನ್ನೇ ಬರೆಯುತ್ತೇನೆ.

ಮದ್ದೂರು, ಹೊರಡುವ ಮುಂಚೆ

ನಮ್ಮ ಯಜಮಾನರು ಕೆಂಪರಾಜು. ಮಳವಳ್ಳಿ ಕಡೆಯ ಬಂಡೂರಿನವರು. ಮದ್ದೂರಿನಲ್ಲಿ ಲೇತು ಇಟ್ಟುಕೊಂಡು ಮೂವತ್ತು ವರ್ಷವಾಯಿತು. ಅವರ ಕೈ ಹೆಸರಾಗಿರುವುದು ಒಂದೇ ಕೆಲಸಕ್ಕೆ: ಬೆರಳು ತೂರದ ಸಣ್ಣ ಕೊಳವೆಗಳ ಒಳಗನ್ನು ನುಣುಪು ಮಾಡುವುದು. ಬಂಡೂರು ಕುರಿಯ ಒರಟು ತುಪ್ಪಳವನ್ನು ಅವರ ಅಕ್ಕ ನಾಗಮ್ಮ ನೂಲು ಮಾಡಿ ಕೊಡುತ್ತಾರೆ. ಆ ನೂಲಿಗೆ ಉಜ್ಜುವ ಮಸಾಲೆ ಸವರಿ, ಕೊಳವೆಯೊಳಗೆ ತೂರಿಸಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಮಜ್ಜಿಗೆ ಕಡೆದ ಹಾಗೆ ಎಳೆಯುತ್ತಾ ಬಿಡುತ್ತಾ ಕೂರುತ್ತಾರೆ. ಒಳಗೆ ಒರಟಿದ್ದರೆ ನೂಲು ಗೊರ ಗೊರ ಅನ್ನುತ್ತದೆ. ನುಣುಪಾದರೆ ಸದ್ದು ನಿಲ್ಲುತ್ತದೆ. ಅವರ ಅಳತೆ ಅಷ್ಟೇ.

ಮೊದಲು ಸಕ್ಕರೆ ಕಾರ್ಖಾನೆಯ ಹಿತ್ತಾಳೆ ನಳಿಕೆಗಳು ಬರುತ್ತಿದ್ದವು. ಆಮೇಲೆ ಬೆಂಗಳೂರಿನ ಒಂದು ಪ್ರಯೋಗಾಲಯದವರು ಆಂಟೆನಾಗಳನ್ನು ತಂದುಕೊಡತೊಡಗಿದರು. ಮೈಕ್ರೋವೇವ್ ಆಂಟೆನಾ. ಅಡುಗೆಮನೆಯಲ್ಲಿ ಅನ್ನ ಬಿಸಿ ಮಾಡುವ ಡಬ್ಬಿಯೊಳಗಿರುತ್ತದಲ್ಲ, ಅದೇ ಜಾತಿಯ ಅಲೆ. ಆದರೆ ಇದು ಮೋಡದೊಳಗೆ ಎಷ್ಟು ನೀರಿದೆ ಎಂದು ನೆಲದಲ್ಲಿದ್ದುಕೊಂಡೇ ಕೇಳಿಸಿಕೊಳ್ಳುವ ಕಿವಿ. ನೋಡಲು ಎಣ್ಣೆ ಸುರಿಯುವ ಲಾಳಿಕೆಯ ಹಾಗೆ. ಬಾಯಿ ಅಗಲ, ಕುತ್ತಿಗೆ ಕಿರಿದು, ಕುತ್ತಿಗೆಯ ನಡುವೆ ತೆಳ್ಳನೆಯ ಒಂದು ಗೋಡೆ. ಹಿಂದೆಲ್ಲ ಇಂಥದ್ದನ್ನು ನಾಲ್ಕೈದು ತುಂಡು ಮಾಡಿ ಕಡೆದು ಬೆಸೆಯುತ್ತಿದ್ದರಂತೆ. ಈಗ ಲೋಹದ ಪುಡಿಯನ್ನು ಪದರ ಪದರವಾಗಿ ಹರಡಿ, ಬೇಕಾದ ಕಡೆ ಮಾತ್ರ ಲೇಸರಿನಿಂದ ಕರಗಿಸುತ್ತಾ, ಇಡೀ ಲಾಳಿಕೆಯನ್ನು ಒಂದೇ ತುಂಡಾಗಿ ಬೆಳೆಸುತ್ತಾರೆ. ಬೆಸುಗೆಯಿಲ್ಲ, ಸಂದಿಯಿಲ್ಲ. ಆದರೆ ಹಾಗೆ ಬೆಳೆದದ್ದರ ಒಳಮೈ ಹೊಸದಾಗಿ ಕೆತ್ತಿದ ಒರಳಿನಷ್ಟು ಒರಟು. ಅಲೆ ಆ ಒರಟಿನಲ್ಲಿ ತಡವರಿಸಿ ಸೊರಗಿಹೋಗುತ್ತದೆ.

ಬೆಂಗಳೂರಿನವರ ಜೊತೆ ಕೂಡಿ ಕೆಲಸ ಮಾಡುತ್ತಿದ್ದ ಹಾಲೆಂಡಿನ ಪ್ರಯೋಗಾಲಯವೊಂದು ನಮ್ಮವರನ್ನು ಕರೆಸಿಕೊಂಡಿತು. ಬಂದು ಎರಡು ಲಾಳಿಕೆ ಉಜ್ಜಿ ತೋರಿಸಿ ಎಂದು. ಭಾಷೆಗೆ ಯಾರನ್ನಾದರೂ ಗೊತ್ತು ಮಾಡುತ್ತೇವೆ ಎಂದರೆ, "ಯಾರೂ ಬ್ಯಾಡ. ನಮ್ಮನೇವ್ಳಿಗೆ ಇಂಗ್ಲೀಸು ಬತ್ತದೆ. ಸಿಸ್ಟರುಗಳತ್ರ ಓದವ್ಳೆ" ಅಂದುಬಿಟ್ಟರು.

ಸಿಸ್ಟರುಗಳ ಹತ್ತಿರ ಓದಿದ್ದು ನಿಜ. ಮಂಡ್ಯದ ಕಾನ್ವೆಂಟಿನಲ್ಲಿ ಹತ್ತು ವರ್ಷ. ಅಲ್ಲಿ ಇಂಗ್ಲಿಷಿಗಿಂತ ಮೊದಲು ಕಲಿಸಿದ್ದು ಮೆತ್ತಗೆ ಮಾತಾಡುವುದನ್ನು. ಇಲ್ಲ ಎಂದು ನೇರವಾಗಿ ಅನ್ನುವಂತಿರಲಿಲ್ಲ. ಇಲ್ಲವೇನೋ ಅನ್ನಿಸುತ್ತದೆ, ಕ್ಷಮಿಸಿ ಸಿಸ್ಟರ್, ಅನ್ನಬೇಕಿತ್ತು. ಆಮೇಲೆ ಮೈಸೂರಿನಲ್ಲಿ ಬಿ.ಎಸ್ಸಿ., ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್. ಇಷ್ಟು ನಮ್ಮವರಿಗೆ ಗೊತ್ತು. ಎಂ.ಎಸ್ಸಿ.ಗೆ ಸೀಟು ಸಿಕ್ಕಿತೆಂಬ ಕಾಗದ ಬಂದದ್ದೂ ನಮ್ಮ ಮದುವೆ ಗೊತ್ತಾದದ್ದೂ ಒಂದೇ ವಾರ ಎನ್ನುವುದು ಗೊತ್ತಿಲ್ಲ. "ಗಂಡಿನ ಮನೆಯವರನ್ನ ಒಂದ್ಮಾತು ಕೇಳ್ನೋಡೋಣ್ವಾ?" ಅಂದಿದ್ದರು ನಮ್ಮಪ್ಪ. "ಬೇಡಿ ಬಿಡಿ ಅಪ್ಪ, ಪರವಾಗಿಲ್ಲ" ಅಂದವಳು ನಾನೇ. ಪರವಾಗಿತ್ತು. ಇಪ್ಪತ್ತೆಂಟು ವರ್ಷದಿಂದ, ಅದರಲ್ಲೂ ನಮ್ಮವರು ಆಂಟೆನಾ ತಂದು ಊಟದ ಮೇಜಿನ ಮೇಲಿಟ್ಟಾಗಲೆಲ್ಲ, ಪರವಾಗುತ್ತಲೇ ಇತ್ತು.

ಇಳಿದ ಬೆಳಿಗ್ಗೆ

ವಿಮಾನ ನಿಲ್ದಾಣದಲ್ಲಿ ನಮ್ಮ ಪೆಟ್ಟಿಗೆ ತೆರೆಸಿದರು. ಮೇಲೆ ರಾಗಿಹಿಟ್ಟಿನ ಡಬ್ಬಿ, ಕೆಳಗೆ ನನ್ನ ಸೀರೆಗಳು, ಸೀರೆಗಳ ಮಡಿಕೆಯಲ್ಲಿ ನಾಗಮ್ಮನವರ ನೂಲಿನ ಉಂಡೆಗಳು. ಎರಡು ಸಲ ಸೀಗೆಕಾಯಿ ಹಾಕಿ ತೊಳೆದಿದ್ದರೂ ಕುರಿಯ ವಾಸನೆ ಹೋಗಿರಲಿಲ್ಲ. ಅಧಿಕಾರಿ ಒಂದು ಉಂಡೆ ಎತ್ತಿ ಮೂಸಿ ನೋಡಿ, ಹೆಣೆಯುವುದಕ್ಕಾ ಎಂದು ಕೇಳಿದ.

"ಇಲ್ಲ ಸರ್, ದಯವಿಟ್ಟು ತಪ್ಪು ತಿಳಿಯಬಾರದು. ಒಂದು ರೀತಿಯಲ್ಲಿ ಹೇಳುವುದಾದರೆ ಇದು ಆಂಟೆನಾಗೆ ಸಂಬಂಧಪಟ್ಟದ್ದು" ಅಂದೆ.

ಅವನು ಇನ್ನೊಂದು ಉಂಡೆ ಮೂಸಿದ. ನಾನು ಇನ್ನಷ್ಟು ವಿನಯದಿಂದ ಇನ್ನಷ್ಟು ಉದ್ದವಾಗಿ ವಿವರಿಸಿದೆ. ನಮ್ಮ ಹಿಂದಿನ ಸಾಲು ಬೆಳೆಯುತ್ತಾ ಹೋಯಿತು.

"ಏನಂತೆ?" ಅಂದರು ನಮ್ಮವರು.

"ಏನಿಲ್ಲ, ವಿಚಾರಿಸ್ತಿದಾರೆ."

"ಆಟೊತ್ನಿಂದ ಏನ್ ಇಚಾರ್ಸಾದು? ಸರ್ಕೊ ಅತ್ಲಾಗೆ."

ಸರಿಸಿ, ಮುಂದೆ ಹೋಗಿ, ಅಧಿಕಾರಿಯ ಸೊಂಟದಲ್ಲಿ ನೇತಾಡುತ್ತಿದ್ದ ಬೀಗದಕೈ ಗೊಂಚಲನ್ನು ಹಿಡಿದುಕೊಂಡರು. ಒಂದು ಬೀಗದಕೈಯ ತೂತಿಗೆ ನೂಲು ತೂರಿಸಿ ಹತ್ತು ಸಲ ಎಳೆದು, ಬಿಟ್ಟು, ಅವನ ಕಣ್ಣಿನ ಹತ್ತಿರಕ್ಕೆ ಹಿಡಿದರು. ತೂತಿನ ಒಳಅಂಚು ಮೂಗುತಿಯ ಹಾಗೆ ಮಿನುಗುತ್ತಿತ್ತು. ಅವನು ನಕ್ಕು ಪೆಟ್ಟಿಗೆ ಮುಚ್ಚಿದ.

ಊರು ಚಿಕ್ಕದು. ಮನೆಗಳಿಗೆ ದೊಡ್ಡ ದೊಡ್ಡ ಕಿಟಕಿ, ಪರದೆ ಇಲ್ಲ. ಒಳಗೆ ಯಾರು ಏನು ಉಣ್ಣುತ್ತಿದ್ದಾರೆ, ಯಾರು ಕಾಲು ಮೇಲೆ ಕಾಲು ಹಾಕಿ ಓದುತ್ತಿದ್ದಾರೆ, ಎಲ್ಲ ರಸ್ತೆಗೆ ಕಾಣುತ್ತದೆ. ನಮ್ಮಲ್ಲಿ ಬಾಗಿಲು ತೆರೆದಿರುತ್ತದೆ, ಆದರೆ ಒಳಗೆ ಒಂದು ಕರ್ಟನ್ ಇರಲೇಬೇಕು. ಇಲ್ಲಿ ಬಾಗಿಲು ಹಾಕಿರುತ್ತದೆ, ಮುಚ್ಚಿಡುವುದು ಏನೂ ಇಲ್ಲ. ನಾನು ನಡೆಯುವಾಗ ಬೇಕೆಂದೇ ನಿಧಾನ ಮಾಡುತ್ತಿದ್ದೆ. ಸಂಜೆ ನಾಲ್ಕಕ್ಕೇ ದೀಪ ಹಚ್ಚಿಕೊಂಡು, ಮೇಜಿನ ತುಂಬ ಕಾಗದ ಹರಡಿಕೊಂಡು ಕೂತ ಹೆಂಗಸರನ್ನು ಎಷ್ಟು ನೋಡಿದರೂ ಸಾಲದು ಅನ್ನಿಸುತ್ತಿತ್ತು.

ಪುಡಿಯ ಕೋಣೆ

ಪ್ರಯೋಗಾಲಯದ ಮುಖ್ಯಸ್ಥೆ ಮರೈಕೆ. ಅವಳು ನನ್ನ ಕೈ ಕುಲುಕಿ ಆಡಿದ ಮೊದಲ ಮಾತು: "ನಿಮ್ಮ ಬಟ್ಟೆ ಅಪಾಯ."

ರೇಷ್ಮೆ ಉಜ್ಜಿದರೆ ಕಿಡಿ ಹುಟ್ಟುತ್ತದೆ, ಲೋಹದ ಪುಡಿ ಹತ್ತಿಕೊಳ್ಳುತ್ತದೆ. ಬಿಳಿಯ ನಿಲುವಂಗಿ ಕೊಟ್ಟರು. ಇಡೀ ಸೀರೆಯನ್ನು ಅದರೊಳಗೆ ತುರುಕಿಕೊಂಡು ಈಚೆ ಬಂದಾಗ ನಮ್ಮವರು, "ಕೋಸ್ಗೆಡ್ಡೆ ಕಂಡಂಗ್ ಕಾಣ್ತೀಯ" ಅಂದರು. ಅವರೂ ಹಾಗೇ ಕಾಣುತ್ತಿದ್ದರು. ನಾನು ಹೇಳಲಿಲ್ಲ.

ಯಂತ್ರ ನೋಡಿಕೊಳ್ಳುವವನು ಯೋಪ್. ನಮ್ಮ ಮನೆ ಬಾಗಿಲಿಗೆ ಬಂದರೆ ಎರಡು ಮಡಿಕೆಯಾಗಬೇಕಾದಷ್ಟು ಉದ್ದ. ಅವನು ಯಂತ್ರದ ಪುಟ್ಟ ಗಾಜಿನ ಕಿಂಡಿಯ ಮುಂದೆ ನನ್ನನ್ನು ನಿಲ್ಲಿಸಿದ. ಒಳಗೆ ಒಂದು ಅಲಗು ಬಂದು ಬೂದುಬಣ್ಣದ ಪುಡಿಯನ್ನು ಸವರಿ ಹೋಗುತ್ತಿತ್ತು, ಜರಡಿ ಹಿಡಿದ ರಾಗಿಹಿಟ್ಟಿಗಿಂತ ನಯ. ಮರುಗಳಿಗೆ ಬೆಳಕಿನ ಒಂದು ಚುಕ್ಕಿ ಅದರ ಮೇಲೆ ಓಡಾಡಿ ಉಂಗುರ ಬರೆಯುತ್ತಿತ್ತು. ಮತ್ತೆ ಅಲಗು. ಮತ್ತೆ ಉಂಗುರ. ಕೆಲಸ ಮುಗಿದಿದ್ದ ಇನ್ನೊಂದು ಯಂತ್ರದಲ್ಲಿ ಪುಡಿಯನ್ನು ಬ್ರಷ್ಷಿನಿಂದ ಗುಡಿಸುತ್ತಾ ಹೋದರು. ಬೂದಿಯಲ್ಲಿ ಸುಟ್ಟ ಗೆಣಸನ್ನು ಕೆದಕಿ ತೆಗೆದ ಹಾಗೆ ಲಾಳಿಕೆ ಮೇಲೆದ್ದು ಬಂತು.

ಮೂರು ಬೆಳೆಸಿದ್ದರು. ಒಂದರ ಗೋಡೆ ಹುಟ್ಟುತ್ತಲೇ ಸೊಟ್ಟ. ಉಳಿದದ್ದು ಎರಡು. ಮುಂದಿನ ವಾರದ ಗುರುವಾರಕ್ಕೆ ಅಳತೆಯ ಕೋಣೆ ನಮಗೆಂದು ಗೊತ್ತಾಗಿತ್ತು. ಅಷ್ಟರೊಳಗೆ ಒಂದಾದರೂ ಲಾಳಿಕೆ ನುಣುಪಾಗಿ, ಗೋಡೆ ನೆಟ್ಟಗಿದ್ದು ಸಿದ್ಧವಾಗಬೇಕು. ತಪ್ಪಿದರೆ ಆ ಕೋಣೆ ಮತ್ತೆ ಸಿಗುವುದು ವಸಂತಕಾಲಕ್ಕೆ. ಅಷ್ಟು ಹೊತ್ತಿಗೆ ನಮ್ಮ ವೀಸಾವೂ ಇಲ್ಲ, ನಾವೂ ಇಲ್ಲ.

ಮರೈಕೆ ನಮ್ಮವರ ನೂಲನ್ನು ನೋಡಿ, "ಬಹಳ ಹಳೇ ಪದ್ಧತಿ. ಕೆಲಸ ಮಾಡುತ್ತದಾ?" ಎಂದು ಕೇಳಿದಳು.

ನಾನು ನಮ್ಮವರಿಗೆ, "ನಿಮ್ಮ ಸಾಂಪ್ರದಾಯಿಕ ಪದ್ಧತಿ ನೋಡಿ ಸಂತೋಷವಾಯ್ತು ಅಂತಿದಾರೆ" ಅಂದೆ.

"ಸಂತೋಸ ಆಮ್ಯಾಕೆ ಪಡ್ಲಿ. ಕೆಲ್ಸ ಮಾಡ್ತದೋ ಇಲ್ವೋ ಮೊದ್ಲು ನೋಡ್ಲಿ ಅನ್ನು."

ನಾನು ಮರೈಕೆಗೆ, "ನಿಮ್ಮ ಅಭಿಪ್ರಾಯಕ್ಕಾಗಿ ಕಾತರದಿಂದ ಕಾಯುತ್ತಾರಂತೆ" ಅಂದೆ.

ಇಬ್ಬರೂ ಒಂದೇ ಮಾತನ್ನು ಆಡಿದ್ದರು. ನಡುವೆ ನಾನಿಲ್ಲದಿದ್ದರೆ ಚೆನ್ನಾಗಿ ಹೊಂದಿಕೊಳ್ಳುತ್ತಿದ್ದರು. ಆ ಊರಿನವರ ಒರಟು ಮಾತು ಕೇಳಿದರೆ ನಮ್ಮ ಮಂಡ್ಯದವರ ದಾಯಾದಿಗಳೇ ಇರಬೇಕು ಅನ್ನಿಸುತ್ತದೆ. ಹಾಗೆಂದು ಆಗ ತೋಚಲಿಲ್ಲ. ಒರಟನ್ನು ಉಜ್ಜುವುದು ನನ್ನ ಕೆಲಸ ಅಂದುಕೊಂಡಿದ್ದೆ.

ಇನ್ನೊಂದು ತೊಡಕು ಚಪ್ಪಲಿಯದ್ದು. ಅಲ್ಲಿ ಮುಂಗಾಲಿಗೆ ಕಬ್ಬಿಣದ ತಗಡಿರುವ ಶೂ ಹಾಕದೆ ಯಾರೂ ಕೆಲಸಕ್ಕೆ ಕೂರುವಂತಿಲ್ಲ. ಹೆಬ್ಬೆರಳೇ ಇಲ್ಲದ ಮೇಲೆ ನೂಲು ಕಟ್ಟುವುದೆಲ್ಲಿಗೆ? ಮೇಜಿಗೆ ಬಿಗಿದ ಕಬ್ಬಿಣದ ಹಿಡಿಕೆಗೆ, ಬೈಸಿಗೆ, ಕಟ್ಟಿಕೊಂಡರು. "ಕಬ್ಬಿಣಕ್ಕೇನ್ ಗೊತ್ತಾಯ್ತದೆ ಎಷ್ಟು ಬಿಗಿ ಅಂತ" ಎಂದು ಗೊಣಗುತ್ತಾ ಎರಡು ದಿನ ಎಳೆದರು.

ನಾನು ಆ ಎರಡು ದಿನ ಹೆಚ್ಚಾಗಿ ನೋಡಿದ್ದು ಮರೈಕೆಯ ಕುರ್ಚಿಯನ್ನು. ಬೆನ್ನಿಗೆ ಒಂದು ಹಳೆಯ ಸ್ವೆಟರು. ಎಡಗೈ ಊರುವ ಕಡೆ ಬಟ್ಟೆ ಸವೆದು ಒಳಗಿನ ಸ್ಪಂಜು ಕಾಣುತ್ತಿತ್ತು. ಎಷ್ಟೋ ವರ್ಷ ಒಬ್ಬಳೇ ಹೆಂಗಸು ಒಂದೇ ಮೊಣಕೈ ಊರಿ ಯೋಚನೆ ಮಾಡಿದ ಜಾಗ. ಮಾತಿಗೆ ಮಾತು ಬಂದು ಗೊತ್ತಾಯಿತು, ಅವಳೂ ನಾನೂ ಪದವಿ ಪಡೆದದ್ದು ಒಂದೇ ವರ್ಷ. ಅವಳು ಎದ್ದು ಹೋದಾಗ ಒಂದು ಸಲ ಆ ಸವೆದ ಜಾಗವನ್ನು ಬೆರಳಿನಿಂದ ಮುಟ್ಟಿದೆ.

ಶುಕ್ರವಾರ

ಮೊದಲ ಲಾಳಿಕೆ ಬಹುಪಾಲು ಮುಗಿದಿತ್ತು. ಗೋಡೆಯ ಹಿಂದಿನ ಮೂಲೆ ಮಾತ್ರ ಇನ್ನೂ ಗೊರ ಅನ್ನುತ್ತಿತ್ತು. ಯೋಪನ ಹತ್ತಿರ ಒಂದು ಯಂತ್ರವಿತ್ತು. ಉಜ್ಜುವ ಮಸಾಲೆಯನ್ನು ಶ್ಯಾವಿಗೆ ಒರಳಿನಲ್ಲಿ ಒತ್ತಿದ ಹಾಗೆ ಕೊಳವೆಯೊಳಗೆ ಒತ್ತಿ ಆಚೆ ಕಡೆಯಿಂದ ಈಚೆಗೆ ತಳ್ಳುತ್ತದೆ. ಉಳಿದ ಮೂಲೆಯನ್ನು ಅದರಿಂದ ಮುಗಿಸೋಣವೇ ಎಂದು ಕೇಳಿದ.

ನಮ್ಮವರು ಕೈ ಒರೆಸಿಕೊಳ್ಳುತ್ತಾ, "ಬ್ಯಾಡ. ಗ್ವಾಡೆ ತೆಳು. ಒತ್ತುದ್ರೆ ಬಗ್ಗೋಯ್ತದೆ. ಮುಟ್ಬ್ಯಾಡಿ ಅನ್ನು" ಅಂದು ಕೈ ತೊಳೆಯಲು ಹೋದರು.

ನಾನು ಹೇಳಿದ್ದು ಹೀಗೆ: "ಒತ್ತಡ ಸ್ವಲ್ಪ ಹೆಚ್ಚಾಗಬಹುದೇನೋ ಎಂಬ ಸಣ್ಣ ಅನುಮಾನ ನಮ್ಮ ಯಜಮಾನರಿಗೆ. ಆದರೆ ನಿಮ್ಮ ಯಂತ್ರ ನಿಮಗೆ ಚೆನ್ನಾಗಿ ಗೊತ್ತು."

"ಒತ್ತಡ ಕಡಿಮೆ ಇಡುತ್ತೇನೆ. ಹಾಗಾದರೆ ಸರಿಯಾ?" ಅಂದ ಯೋಪ್.

ನಾನು ನಕ್ಕೆ. ನಮ್ಮಲ್ಲಿ ಅಂಥ ನಗುವಿಗೆ ಹೌದು ಎಂದೂ ಅರ್ಥವಿಲ್ಲ, ಇಲ್ಲ ಎಂದೂ ಇಲ್ಲ. ಎದುರಿನವರು ಮುಖ ನೋಡಿ ತಿಳಿದುಕೊಳ್ಳಬೇಕು. ಅವರಲ್ಲಿ ನಗು ಎಂದರೆ ಹೌದು.

ನಮ್ಮವರು ವಾಪಸ್ಸು ಬರುವ ಹೊತ್ತಿಗೆ ಯಂತ್ರ ತನ್ನ ಕೆಲಸ ಮುಗಿಸಿತ್ತು. ಯೋಪ್ ತೆಳ್ಳನೆಯ ಕ್ಯಾಮೆರಾ ತೂರಿಸಿದ. ಪರದೆಯ ಮೇಲೆ ಗೋಡೆ ಕಾಣಿಸಿತು, ಗಾಳಿಗೆ ಉಬ್ಬಿದ ಸೀರೆ ಸೆರಗಿನ ಹಾಗೆ ಒಂದು ಕಡೆಗೆ ಬಾಗಿ.

"ಬ್ಯಾಡ ಅಂತ ಏಳ್ನಿಲ್ವಾ ನೀನು?" ಅಂದರು ನಮ್ಮವರು.

"ಹೇಳಿದೆ" ಅಂದೆ. "ಅವರು ಕೇಳಲಿಲ್ಲ."

ಬಾಯಿಂದ ಬಿದ್ದುಹೋಯಿತು. ಎತ್ತಿಕೊಳ್ಳಲು ಆಗಲಿಲ್ಲ. ನಮ್ಮವರು ಯೋಪನನ್ನು ಕೆಳಗಿನಿಂದ ಮೇಲಿನವರೆಗೆ ಒಂದು ಸಲ ನೋಡಿದರು. ಅವನು ಕೊಟ್ಟ ಕಾಫಿ ಮುಟ್ಟಲಿಲ್ಲ. "ಇನ್ನೊಂದ ಈ ಉದ್ದಪ್ಪನ ಕೈಗೆ ಕೊಡಾಕಿಲ್ಲ ನಾನು. ಬೇಕಾದ್ರೆ ಊರ್ಗೋಯ್ತೀನಿ" ಅಂದರು. ಯೋಪ್ ನನ್ನ ಕಡೆ ನೋಡಿದ, ಏನಂದರು ಎಂದು. "ಸ್ವಲ್ಪ ದಣಿದಿದ್ದಾರೆ" ಅಂದೆ.

ಭಾನುವಾರ, ಏರಿಯ ಮೇಲೆ

ಸಮುದ್ರದ ನೀರು ಒಳಗೆ ಬರದಿರಲೆಂದು ಅವರು ಕಟ್ಟಿಕೊಂಡಿರುವ ಏರಿ ನಮ್ಮ ಕೆರೆ ಏರಿಯ ಹಾಗೇ ಇದೆ, ಉದ್ದ ಮಾತ್ರ ಕಣ್ಣಿಗೆ ಮುಗಿಯುವುದಿಲ್ಲ. ಮೇಲೆಲ್ಲ ಹುಲ್ಲು, ಹುಲ್ಲಿನ ತುಂಬ ಕುರಿ. ನಮ್ಮವರು ಎರಡು ದಿನದಿಂದ ಸರಿಯಾಗಿ ಮಾತಾಡಿರಲಿಲ್ಲ. ಕುರಿ ಕಂಡ ಮೇಲೆ ಬಾಯಿ ಬಂತು. ಬೇಲಿಯ ಮೇಲೆ ಬಗ್ಗಿ ಒಂದೊಂದನ್ನೂ ಹೆಣ್ಣು ನೋಡಲು ಬಂದವರ ಹಾಗೆ ನೋಡಿದರು.

"ಮೈ ಏನೋ ಅದೆ. ಆದ್ರೆ ಮಕದಲ್ಲಿ ಕಳೆ ಇಲ್ಲ. ನಮ್ ಕುರಿ ನೋಡು, ಕುಳ್ಳುಗೆ, ಗುಂಡುಗೆ, ಇಂದ್ಲಿಂದ ನೋಡುದ್ರೆ ಎಂಗೆ ಕಾಣ್ತದೆ!"

ಬಂಡೂರಿಗೆ ವಿಡಿಯೊ ಕರೆ ಹಚ್ಚಿ ಫೋನನ್ನು ಬೇಲಿಯಾಚೆ ಹಿಡಿದರು. ನಾಗಮ್ಮನವರ ಹಣೆ ಮಾತ್ರ ಕಾಣುತ್ತಿತ್ತು.

"ಅಯ್ಯೋ, ಅದ್ಯಾಕ್ಲಾ ಕುರಿ ಬೆನ್ಗೆಲ್ಲ ನೀಲಿ ಬಳ್ದವ್ರೆ? ಓಕುಳಿಯಾ?"

"ಟಗರಿನ ಎದೆಗೆ ಬಣ್ಣ ಕಟ್ತಾರಂತೆ ಕಣಕ್ಕ. ಯಾವ್ದುನ್ನ ಅತ್ತಿತು ಅಂತ ಗೊತ್ತಾಗ್ಲಿ ಅಂತ."

"ಥೂ, ಮಾನಗೆಟ್ಟೋರು! ಅದ್ನೂ ಬರ್ದಿಡ್ತಾರಾ?" ನಾಗಮ್ಮನವರು ನಕ್ಕಿದ್ದಕ್ಕೆ ಫೋನು ಅಲುಗಾಡಿತು. ಆಮೇಲೆ, "ನನ್ ನೂಲು ಎಂಗದೆ ಪದ್ದಿ? ಮಾನ ಉಳಿಸ್ತಾ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ನಮ್ಮವರೇ ಅಂದರು: "ನೂಲು ಚೆನ್ನಾಗದೆ ಅಕ್ಕ. ಇಲ್ಲೊಬ್ಬ ಅವ್ನೆ, ಕೆಡಿಸ್ಬುಟ್ಟ. ಪದ್ದಿ ಬ್ಯಾಡ ಬ್ಯಾಡ ಅಂದ್ರೂ ಕೇಳ್ನಿಲ್ಲ."

ಗಾಳಿಗೆ ಕಣ್ಣಲ್ಲಿ ನೀರು ಬರುವ ಊರು ಅದು. ಅನುಕೂಲವಾಯಿತು.

ನಮ್ಮವರಿಗೆ ಊರಿನ ಹಂಬಲ. ಸಂಜೆಯಾದರೆ ಮುದ್ದೆ, ಬಸ್ಸಾರು, ಕೊಟ್ಟಿಗೆಯ ಹೊಗೆ ಅನ್ನುತ್ತಿದ್ದರು. ನನಗೂ ಇತ್ತು. ಕರಿಬೇವಿನ ವಾಸನೆ ಕನಸಿನಲ್ಲಿ ಬರುತ್ತಿತ್ತು. ಆದರೆ ನನ್ನ ಹಂಬಲಕ್ಕೆ ಹೋಗಿ ಇಳಿಯಲು ಒಂದು ಊರಿರಲಿಲ್ಲ. ಆ ಸವೆದ ಕುರ್ಚಿಯಂಥದೊಂದು ಕುರ್ಚಿ ಎಲ್ಲಿಯೋ ಇತ್ತು, ನಾನು ಕೂರದೆ ಹಾಗೇ ಹೊಸದಾಗಿ ಉಳಿದುಹೋಯಿತು ಅನ್ನಿಸುತ್ತಿತ್ತು. ಈಗ ಅಷ್ಟು ಹತ್ತಿರ ಬಂದು, ಆ ಕೋಣೆಯಲ್ಲಿ ನಾನು ಮಾಡಿದ್ದೇನು? ಒಂದು ಲಾಳಿಕೆ ಕೆಡಿಸಿದ್ದು, ಒಬ್ಬನ ಮೇಲೆ ಸುಳ್ಳು ಹೇಳಿದ್ದು.

ಸೋಮವಾರ

ಬೆಳಿಗ್ಗೆ ಎಲ್ಲರೂ ಮೇಜಿನ ಸುತ್ತ ಕೂತಾಗ, ಕಾಫಿ ಬರುವ ಮುಂಚೆಯೇ ಹೇಳಿಬಿಟ್ಟೆ. ಒಂದು ವಾಕ್ಯ ಇಂಗ್ಲಿಷಿನಲ್ಲಿ, ಅದನ್ನೇ ಕನ್ನಡದಲ್ಲಿ, ಆಮೇಲೆ ಮುಂದಿನದು. ಅವರು ಮುಟ್ಟಬೇಡಿ, ಬಗ್ಗುತ್ತದೆ ಅಂದಿದ್ದರು. ನಾನು ಅದನ್ನು ಬದಲಾಯಿಸಿ ಹೇಳಿದೆ. ಆಮೇಲೆ ಯೋಪ್ ಕೇಳಲಿಲ್ಲ ಎಂದು ಇವರಿಗೆ ಸುಳ್ಳು ಹೇಳಿದೆ.

"ಯಾಕೆ?" ಅಂದಳು ಮರೈಕೆ.

"ಒರಟಾಗಿ ಕೇಳಿಸುತ್ತಿತ್ತು."

"ಒರಟಾಗಿ ಹೇಳಿದ್ದರೆ ಲಾಳಿಕೆ ಉಳಿಯುತ್ತಿತ್ತು. ಇನ್ನು ಮೇಲೆ ಹಾಗೆ ಮಾಡಬೇಡಿ." ಅಷ್ಟೇ. ಕಾಫಿ ಬಗ್ಗಿಸತೊಡಗಿದಳು.

ನಮ್ಮವರು ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ನೋಡುತ್ತಿದ್ದದ್ದು ಯೋಪನನ್ನು. "ಮೂರ್ ದಿನ ಆ ಮನ್ಸನ್ ಮಕ ನೋಡ್ನಿಲ್ವಲ್ಲೇ ನಾನು" ಅಂದರು. ಎದ್ದು ಹೋಗಿ ಅವನ ಮುಂದೆ ಕೈ ಚಾಚಿದರು. "ತಪ್ಪಾಯ್ತು ಕಣಪ್ಪ ಅನ್ನು. ಇದ್ದಿದ್ದಂಗೆ ಏಳು."

ತಪ್ಪಾಯಿತು ಎಂದು ಹೇಳಿದೆ. ಕಣಪ್ಪ ಎನ್ನುವುದಕ್ಕೆ ಎಷ್ಟು ಹುಡುಕಿದರೂ ಇಂಗ್ಲಿಷಿನಲ್ಲಿ ಮಾತು ಸಿಗಲಿಲ್ಲ. ಯೋಪನಿಗೆ ಬೇಕಾಗಲೂ ಇಲ್ಲ; ನಮ್ಮವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಈಗ ಸೂ ಬಿಚ್ಚಾಕೆ ಬುಡ್ತಾನಾ ಕೇಳು."

"ಶೂ ಬಿಚ್ಚಬಹುದಾ?"

"ಇಲ್ಲ" ಅಂದ ಯೋಪ್.

"ಇಲ್ಲವಂತೆ."

"ಆಳಾಗೋಗ್ಲಿ. ಬಾ ಇಲ್ಲಿ, ನೀನ್ ಇಡ್ಕೊ ಆ ತುದಿ."

ಹಾಗೆ ನಾನು ಅವರ ಕಾಲಿನ ಹೆಬ್ಬೆರಳಾದೆ. ಎರಡನೆಯ ಲಾಳಿಕೆಗೆ ಅವರು ಹೊಸ ಉಪಾಯ ಮಾಡಿದರು: ಗೋಡೆಯ ಈ ಕಡೆ ಒಂದು ನೂಲು, ಆ ಕಡೆ ಒಂದು ನೂಲು, ಎರಡನ್ನೂ ಒಟ್ಟಿಗೆ, ಒಂದೇ ಬಿಗಿಯಲ್ಲಿ ಎಳೆಯುವುದು. ಎರಡೂ ಕಡೆ ಸಮ ಇದ್ದರೆ ಗೋಡೆ ಯಾವ ಕಡೆಗೂ ಬಾಗುವುದಿಲ್ಲ. ಮೂರು ದಿನ ಎದುರುಬದುರು ಕೂತು ಎಳೆದೆವು. "ಒಸಿ ಸಡ್ಲ ಬುಡು. ಆಟಲ್ಲ. ಬಲಗೈ ಜಾಸ್ತಿ ಆಯ್ತು, ಮಗ್ಗಾನಾ ಇದು, ಸುಮ್ಕೆ ಎಳೀತೀಯ!" ಬೆರಳಿನ ಸಂದಿಯಲ್ಲಿ ಬೊಬ್ಬೆ ಎದ್ದವು. ಯೋಪ್ ಕ್ಯಾಮೆರಾ ತೂರಿಸಿ ನೋಡಿ ಹೇಳಿದ್ದನ್ನು ಇದ್ದ ಹಾಗೇ ಹೇಳಿದೆ, ನಮ್ಮವರು ಅಂದದ್ದನ್ನು ಇದ್ದ ಹಾಗೇ ಅಂದೆ. ಅವರಿಬ್ಬರೂ ಎಷ್ಟು ಬೈದಾಡಿಕೊಂಡರು! ಎಷ್ಟು ಬೇಗ ಕೆಲಸ ಸಾಗಿತು!

ಬುಧವಾರ ಮಧ್ಯಾಹ್ನ ನೂಲಿನ ಸದ್ದು ನಿಂತುಹೋಯಿತು. ನನ್ನ ಬೆರಳಿಗೂ ತಿಳಿಯಿತು. ಅವರು ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ.

ಗುರುವಾರ, ಮುಳ್ಳಿನ ಕೋಣೆ

ಅಳತೆಯ ಕೋಣೆಯ ಗೋಡೆ, ನೆಲ, ಚಾವಣಿ ಎಲ್ಲ ಕಡೆಯಿಂದಲೂ ಸ್ಪಂಜಿನ ಚೂಪು ಮುಳ್ಳುಗಳು ಒಳಮುಖವಾಗಿ ನಿಂತಿದ್ದವು, ಹಲಸಿನಹಣ್ಣನ್ನು ಒಳಹೊರಗು ಮಾಡಿ ಅದರೊಳಗೆ ಹೊಕ್ಕ ಹಾಗೆ. ಯಾವ ಅಲೆಯೂ ತಿರುಗಿ ಬರದಂತೆ ಆ ಮುಳ್ಳುಗಳು ನುಂಗುತ್ತವೆ. ನಮ್ಮ ಮಾತೂ ಅಲ್ಲಿ ಬಾಯಿಂದ ಬಿದ್ದ ಕೂಡಲೇ ಸತ್ತುಹೋಗುತ್ತಿತ್ತು. ಲಾಳಿಕೆಯನ್ನು ಒಂದು ಕಂಬದ ಮೇಲೆ ಕೂರಿಸಿ, ಬಾಗಿಲು ಹಾಕಿ, ಹೊರಗಿನ ಪರದೆಯ ಮುಂದೆ ನಾಲ್ವರೂ ಕೂತೆವು.

ಒಳಗೆ ಕಂಬ ನಿಧಾನವಾಗಿ ತಿರುಗತೊಡಗಿತು. ಪರದೆಯ ಮೇಲೆ ಎಡಗಡೆಯಿಂದ ಕೆಂಪು ಗೆರೆಯೊಂದು ತೆವಳುತ್ತಾ ಬಂತು. ಸಣ್ಣ ದಿಬ್ಬ, ತಗ್ಗು, ಸಣ್ಣ ದಿಬ್ಬ, ತಗ್ಗು, ಆಮೇಲೆ ನಡುವೆ ದೊಡ್ಡ ಗುಡ್ಡ. ಎರಡನೆಯ ಸುತ್ತಿನಲ್ಲಿ ನೀಲಿ ಗೆರೆ ಹೊರಟಿತು. ನನ್ನ ಬೆರಳೂ ಪರದೆಯ ಮೇಲೆ ಅದರ ಜೊತೆಗೇ ಹೊರಟಿತು.

"ಏನಂತೆ?" ಅಂದರು ನಮ್ಮವರು.

ಯಾರೂ ಏನೂ ಅಂದಿರಲಿಲ್ಲ. ಮರೈಕೆ ಇನ್ನೂ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಳು. ಅನುವಾದ ಮಾಡಲು ಮಾತೇ ಇರಲಿಲ್ಲ. ನಾನು ಹೇಳತೊಡಗಿದೆ.

"ಈ ದೊಡ್ಡ ಗುಡ್ಡ ಇದೆಯಲ್ಲ, ಅದು ನೆಟ್ಟಗೆ ಮುಂದಕ್ಕೆ ಕೇಳಿಸಿಕೊಳ್ಳೋ ಶಕ್ತಿ. ಅಕ್ಕಪಕ್ಕದ ದಿಬ್ಬ ತಗ್ಗಿದ್ದಷ್ಟೂ ಒಳ್ಳೇದು, ಬೇಡದ ಕಡೆಯಿಂದ ಕೇಳಿಸಿಕೊಳ್ಳಲ್ಲ. ಎಡಕ್ಕೂ ಬಲಕ್ಕೂ ನೋಡಿ, ಒಂದೇ ಸಮ. ಕೆಂಪು ಗೋಡೆಯ ಈ ಕಡೇದು, ನೀಲಿ ಆ ಕಡೇದು. ಗೋಡೆ ಬಾಗಿದ್ದರೆ ಎರಡೂ ಬೇರೆ ಬೇರೆ ದಾರಿ ಹಿಡಿಯೋವು. ನೋಡಿ, ನೀಲಿ ಬಂದು ಕೆಂಪಿನ ಮೇಲೇ ಕೂತ್ಕೊಂಡಿದೆ. ನೆಟ್ಟಗಿದೆ ರೀ ಗೋಡೆ. ನೆಟ್ಟಗಿದೆ."

ಮರೈಕೆ ನನ್ನ ಬೆರಳು ಹೋದ ಕಡೆಯೆಲ್ಲ ನೋಡುತ್ತಿದ್ದಳು. "ಚೆನ್ನಾಗಿದೆ" ಅಂದಳು. ಆ ಊರಿನವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಯೋಪ್ ನಮ್ಮವರ ಬೆನ್ನ ಮೇಲೆ ಒಂದು ಗುದ್ದು ಗುದ್ದಿದ. ನಮ್ಮವರು ಅತ್ತ ತಿರುಗಲಿಲ್ಲ, ಪರದೆಯನ್ನೂ ನೋಡಲಿಲ್ಲ.

"ಇದ್ನೆಲ್ಲ ಯಾರ್ ಏಳ್ಕೊಟ್ರು ನಿಂಗೆ?"

"ಕಾಲೇಜಲ್ಲಿ ಓದಿದ್ದೆ."

"ಇನ್ನೂ ಓದಾದಿತ್ತಾ?"

"ಇತ್ತು. ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ನಮ್ಮ ಮದುವೆ ಗೊತ್ತಾದ ವಾರ."

"ನಂಗ್ಯಾರೂ ಏಳ್ನಿಲ್ಲ."

"ನಾನೇ ಬೇಡ ಅಂದೆ, ನಿಮ್ಮನ್ನ ಕೇಳೋದು." ಆಮೇಲೆ ಇಪ್ಪತ್ತೆಂಟು ವರ್ಷ ಗಂಟಲಲ್ಲಿಟ್ಟುಕೊಂಡಿದ್ದನ್ನು ಕೇಳಿದೆ. "ಕೇಳಿದ್ರೆ ಕಳಿಸ್ತಿದ್ರಾ?"

ಕಳಿಸುತ್ತಿದ್ದೆ ಅನ್ನಬಹುದಿತ್ತು. ಸುಳ್ಳೋ ನಿಜವೋ ಈಗ ನೋಡುವವರಾರು? ಅವರ ಜಾಗದಲ್ಲಿ ನಾನಿದ್ದರೆ ಹಾಗೇ ಅನ್ನುತ್ತಿದ್ದೆ, ಮೆತ್ತಗೆ. ಅವರು ತಮ್ಮ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

"ಇಲ್ಲ" ಅಂದರು. "ಆಗ ಕಳಿಸ್ತಿರ್ನಿಲ್ಲ ಕಣಮ್ಮಿ. ಸುಳ್ಳ್ಯಾಕ್ ಏಳ್ಲಿ."

ನಮ್ಮಿಬ್ಬರ ಮುಖ ನೋಡಿ ಮರೈಕೆ ಕೇಳಿದಳು, "ಏನಂದರು?"

ಹೇಳಿದೆ. ಒಂದು ಮಾತೂ ಉಜ್ಜದೆ, ಸೀಟಿನ ಕಾಗದ, ಮದುವೆ, ಇಲ್ಲ ಅಂದದ್ದು, ಎಲ್ಲ. ಮರೈಕೆ ನಮ್ಮವರ ಕಡೆ ತಿರುಗಿ, "ಇವರಿಗೆ ಅದು ಬೇಕಾಗಿತ್ತಾ?" ಎಂದು ಕೇಳಿದಳು. ಅದನ್ನೂ ಅವರಿಗೆ ಹಾಗೇ ಹೇಳಿದೆ.

"ನನ್ನ ಯಾಕ್ ಕೇಳ್ತಾಳೆ?" ಅಂದರು ನಮ್ಮವರು. "ಇಲ್ಲೇ ಕುಂತಿದ್ದೀಯಲ್ಲ ನೀನು. ನಿನ್ನ ಕೇಳ್ಲಿ ಅನ್ನು."

ಅದನ್ನೂ ಹೇಳಿದೆ. ಮರೈಕೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕಾದು ಕೂತಳು.

ಮೊದಲು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಅವರ ಕಡೆ ತಿರುಗಿ ಕನ್ನಡದಲ್ಲಿ.

"ಬೇಕಾಗಿತ್ತು ರೀ. ಈಗ್ಲೂ ಬೇಕು."